ಕಾರ್ನಿಯಾ ಕಸಿ: ಒಪ್ಪಿಕೊಳ್ಳುವ ಮುಂಚೆ "ಹಾಳಾಗಿರುವುದು ಯಾವ ಪದರ?" ಅಂತ ಕೇಳಿ

"ಕಾರ್ನಿಯಾ ಕಸಿ ಮಾಡಬೇಕಾಗುತ್ತೆ" ಅಂತ ಡಾಕ್ಟರು ಹೇಳಿದ ದಿನ ನಾನು ಕೇಳಿದ್ದು ಎರಡೇ ಪ್ರಶ್ನೆ. ನೋವಾಗುತ್ತಾ? ಎಷ್ಟು ದಿನ ರಜೆ ಹಾಕಬೇಕು? ಕೇಳಬಾರದ ಪ್ರಶ್ನೆಗಳೇನಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿತ್ತು. ಅದು ನನಗೆ ಹೊಳೆದದ್ದು ಆಪರೇಷನ್ ಆಗಿ ಎಷ್ಟೋ ತಿಂಗಳಾದ ಮೇಲೆ, ನಮ್ಮ ಚಿಕ್ಕಮ್ಮನಿಗೂ ಕಸಿ ಆಗಬೇಕು ಅಂತ ಗೊತ್ತಾದಾಗ. ನನ್ನ ಬಲಗಣ್ಣಲ್ಲಿ 16 ಹೊಲಿಗೆ. ಅವರ ಕಣ್ಣಲ್ಲಿ ಒಂದೇ ಒಂದು. ನಾನು ನೆಟ್ಟಗೆ ಕಾಣೋಕೆ ಒಂದೂವರೆ ವರ್ಷ ಕಾದೆ, ಅವರು ಎರಡು ತಿಂಗಳಿಗೆ ಪೇಪರ್ ಓದುತ್ತಾ ಕೂತಿದ್ದರು. ಇಬ್ಬರ ಫೈಲಿನ ಮೇಲೂ ಬರೆದಿದ್ದು ಮಾತ್ರ "ಕಾರ್ನಿಯಾ ಕಸಿ".

ವ್ಯತ್ಯಾಸ ಎಲ್ಲಿದೆ ಅಂದರೆ, ನನಗೆ ಹಾಳಾಗಿದ್ದ ಪದರ ಬೇರೆ, ಅವರಿಗೆ ಹಾಳಾಗಿದ್ದ ಪದರ ಬೇರೆ. ಯಾವ ಆಪರೇಷನ್, ಎಷ್ಟು ಹೊಲಿಗೆ, ಎಷ್ಟು ದಿನ ಡ್ರಾಪ್ಸ್, ಯಾವಾಗ ಕನ್ನಡಕ, ದೇಹ ತಿರಸ್ಕರಿಸುವ ಭಯ ಎಷ್ಟು, ಎಲ್ಲವೂ ಅದರ ಮೇಲೆಯೇ ನಿಂತಿದೆ. ನಾನು ಡಾಕ್ಟರ್ ಅಲ್ಲ, ಕಸಿ ಮಾಡಿಸಿಕೊಂಡವನು. ನಿಮ್ಮ ಕಣ್ಣಿನ ತೀರ್ಮಾನ ನಿಮ್ಮ ಕಾರ್ನಿಯಾ ಡಾಕ್ಟರು ಮತ್ತು ನೀವು ಕೂತು ಮಾಡುವಂಥದ್ದು. ಆ ಕೋಣೆಗೆ ಹೋಗುವಾಗ ಖಾಲಿ ತಲೆಯಲ್ಲಿ ಹೋಗಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ನಿಮ್ಮ ಪದರ ಯಾವುದು ಅಂತ ತಿಳಿದುಕೊಳ್ಳಿ

ಕಾರ್ನಿಯಾ ಅಂದರೆ ಕಣ್ಣಿನ ಕರಿಗುಡ್ಡೆಯ ಮೇಲೆ, ವಾಚಿನ ಗಾಜಿನ ಹಾಗೆ ಕೂತಿರುವ ಪಾರದರ್ಶಕ ಹೊದಿಕೆ. ಅಡ್ಡಗಲ ಹೆಚ್ಚುಕಮ್ಮಿ ಹನ್ನೊಂದೂವರೆ ಮಿಲಿಮೀಟರ್. ನಡುವಿನ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ, ಅಷ್ಟೆ. ಕಣ್ಣು ಬೆಳಕನ್ನು ಬಾಗಿಸಿ ಒಂದು ಕಡೆ ಸೇರಿಸುತ್ತದಲ್ಲ, ಆ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಮಾಡುವುದು ಇದೇ. ಇದರಲ್ಲಿ ರಕ್ತನಾಳ ಇಲ್ಲ. ಅದಕ್ಕೇ ಗಾಜಿನ ಹಾಗಿದೆ, ಅದಕ್ಕೇ ಬೇರೆಯವರ ಕಾರ್ನಿಯಾವನ್ನು ದೇಹ ಬೇರೆ ಅಂಗಗಳಿಗಿಂತ ಸುಲಭವಾಗಿ ಒಪ್ಪಿಕೊಳ್ಳುತ್ತದೆ.

ರೋಗಿಯ ಲೆಕ್ಕದಲ್ಲಿ ಮೂರು ಪದರ ನೆನಪಿಟ್ಟುಕೊಂಡರೆ ಸಾಕು. ಎಲ್ಲಕ್ಕಿಂತ ಮೇಲಿನದು ಚರ್ಮದಂಥ ತೆಳು ಪದರ. ಗೀರಿದರೆ ಕಣ್ಣಲ್ಲಿ ನೀರು ಸುರಿಯುತ್ತದೆ, ಜೀವ ಹೋಗುವಷ್ಟು ನೋವು, ಆದರೆ ಸಾಮಾನ್ಯವಾಗಿ ಕೆಲವೇ ದಿನಕ್ಕೆ ಮತ್ತೆ ಬೆಳೆದುಬಿಡುತ್ತದೆ. ನಡುವಿನದು ಸ್ಟ್ರೋಮಾ. ಒಟ್ಟು ದಪ್ಪದಲ್ಲಿ ನೂರಕ್ಕೆ 90 ಭಾಗ ಇದೇ. ಗಾಯ, ಸೋಂಕು ಆಳಕ್ಕೆ ಇಳಿದು ಇಲ್ಲಿಗೆ ತಾಗಿದರೆ ಬಿಳಿ ಕಲೆ ಉಳಿಯುತ್ತದೆ. ಮನೆಯಲ್ಲಿ ಹಿರಿಯರು "ಕಣ್ಣಲ್ಲಿ ಹೂ ಬಿದ್ದಿದೆ" ಅನ್ನುವುದು ಇದನ್ನೇ. ಕಾರ್ನಿಯಾ ತೆಳುವಾಗಿ ಶಂಕುವಿನ ಹಾಗೆ ಮುಂದಕ್ಕೆ ಉಬ್ಬುವ ಕೆರಾಟೋಕೋನಸ್ ಕೂಡ ಈ ನಡುವಿನ ಪದರದ ತೊಂದರೆಯೇ.

ಕೆಳಗಿನದು ಎಂಡೋಥೀಲಿಯಂ. ಡೆಸಿಮೆಟ್ ಅನ್ನುವ ತೆಳು ಪೊರೆಯ ಮೇಲೆ ಒಂದೇ ಒಂದು ಸಾಲು ಜೀವಕೋಶ. ಇವು ಪಂಪು. ಕಾರ್ನಿಯಾದ ಒಳಗೆ ಇಳಿಯುವ ನೀರನ್ನು ಹಗಲೂ ರಾತ್ರಿ ಹೊರಗೆ ಎತ್ತಿ ಹಾಕುತ್ತವೆ. ಗ್ರಹಚಾರ ಏನೆಂದರೆ, ಮನುಷ್ಯರಲ್ಲಿ ಈ ಜೀವಕೋಶಗಳು ಸತ್ತರೆ ಅದರ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ ಅಂತಲೇ ಅನ್ನಬಹುದು, ಅಕ್ಕಪಕ್ಕದವು ಹಿಗ್ಗಿ ಜಾಗ ತುಂಬುತ್ತವೆ. ಆರೋಗ್ಯವಾಗಿರುವ ದೊಡ್ಡವರಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 2,500 ಇರುತ್ತವೆ. ಅದು ಕೆಲವೇ ನೂರಕ್ಕೆ ಇಳಿದರೆ ಪಂಪು ಸೋಲುತ್ತದೆ, ನೀರು ನಿಲ್ಲುತ್ತದೆ, ಕಾರ್ನಿಯಾ ಊದಿ ಮಬ್ಬಾಗುತ್ತದೆ. ಫುಕ್ಸ್ ಡಿಸ್ಟ್ರೋಫಿ ಅನ್ನುವ ಕಾಯಿಲೆಯಲ್ಲಿ ಆಗುವುದು ಇದು. ಕಣ್ಣಿನ ಪೊರೆ, ಅಂದರೆ ಕ್ಯಾಟರಾಕ್ಟ್ ಆಪರೇಷನ್ ಆದ ಕೆಲವು ಕಣ್ಣುಗಳಲ್ಲಿ ಆಗುವುದೂ ಇದೇ.

ಚಿಕ್ಕಮ್ಮನ ದೂರು ಏನಿತ್ತು ಗೊತ್ತಾ? "ಬೆಳಗ್ಗೆ ಎದ್ದಾಗ ಮಂಜು, ಮಧ್ಯಾಹ್ನದ ಹೊತ್ತಿಗೆ ಸರಿ ಹೋಗುತ್ತೆ." ಮನೆಯಲ್ಲಿ ಎಲ್ಲರೂ ನಿದ್ದೆ ಸಾಲದು ಅಂದುಕೊಂಡಿದ್ದೆವು. ರಾತ್ರಿ ರೆಪ್ಪೆ ಮುಚ್ಚಿರುವಾಗ ಕಾರ್ನಿಯಾದ ನೀರು ಆವಿಯಾಗಿ ಹೋಗುವುದಿಲ್ಲ, ಪಂಪು ಸೋತಿದ್ದರೆ ಬೆಳಗ್ಗೆ ಊದಿಕೊಂಡಿರುತ್ತದೆ, ಕಣ್ಣು ತೆರೆದು ಓಡಾಡುತ್ತಾ ಒಣಗಿದ ಹಾಗೆ ದೃಷ್ಟಿ ತಿಳಿಯಾಗುತ್ತದೆ. ನಿಮಗೂ ಹೀಗಾಗುತ್ತಿದ್ದರೆ ಡಾಕ್ಟರಿಗೆ ಇದೇ ಮಾತಲ್ಲಿ ಹೇಳಿ, ಸಮಯದ ಸಮೇತ.

ಪದರ ಗೊತ್ತುಮಾಡಲು ಕೆಲವು ಪರೀಕ್ಷೆಗಳಿವೆ, ಯಾವುದರಲ್ಲೂ ನೋವಿಲ್ಲ. ಟೋಪೋಗ್ರಫಿ ಅಂದರೆ ಕಾರ್ನಿಯಾದ ಏರುತಗ್ಗಿನ ಬಣ್ಣದ ನಕ್ಷೆ. ಪ್ಯಾಕಿಮೆಟ್ರಿಯಲ್ಲಿ ದಪ್ಪ ಅಳೆಯುತ್ತಾರೆ. ಸ್ಪೆಕ್ಯುಲರ್ ಮೈಕ್ರೋಸ್ಕೋಪಿ ಆ ಪಂಪು ಜೀವಕೋಶಗಳನ್ನು ಎಣಿಸಿ ಕೊಡುತ್ತದೆ. ಕಾರ್ನಿಯಾವನ್ನು ಅಡ್ಡಕ್ಕೆ ಕೊಯ್ದು ನೋಡಿದ ಹಾಗೆ ತೋರಿಸುವ ಓಸಿಟಿ ಸ್ಕ್ಯಾನ್ ನೋಡಿದರೆ ಕಲೆ ಎಷ್ಟು ಆಳಕ್ಕಿದೆ ಅಂತ ನಿಮಗೇ ಕಾಣುತ್ತದೆ. ಪರದೆಯನ್ನು ನಿಮ್ಮ ಕಡೆ ತಿರುಗಿಸೋಕೆ ಹೇಳಿ. ಯಾರೂ ಬೇಡ ಅನ್ನಲ್ಲ.

ಎರಡನೇ ಹೆಜ್ಜೆ: ಕಸಿ ಬೇಕೇ ಬೇಕಾ?

ಇಲ್ಲಿ ಅವಸರ ಮಾಡಬೇಡಿ. ಕಣ್ಣು ತೂತಾಗಿದ್ದರೆ, ಔಷಧಕ್ಕೆ ಬಗ್ಗದ ಸೋಂಕು ಇದ್ದರೆ ಮಾತು ಬೇರೆ, ಅದು ತುರ್ತು. ಪುಟ್ಟ ಮಕ್ಕಳ ಕಣ್ಣಲ್ಲೂ ತಡ ಮಾಡುವ ಹಾಗಿಲ್ಲ, ಯಾಕೆಂದರೆ ನೋಡೋಕೆ ಕಲಿಯುವ ವಯಸ್ಸಲ್ಲಿ ಕಣ್ಣು ಮಬ್ಬಾಗಿದ್ದರೆ ಮೆದುಳು ಆ ಕಣ್ಣನ್ನೇ ಬಿಟ್ಟುಬಿಡುತ್ತದೆ. ಮಿಕ್ಕ ಬಹಳಷ್ಟು ಜನರಿಗೆ ಯೋಚಿಸಲು ಸಮಯ ಇರುತ್ತದೆ.

ನನ್ನ ಎಡಗಣ್ಣಿಗೂ ಕೆರಾಟೋಕೋನಸ್ ಇದೆ. ಅದಕ್ಕೆ ಕಸಿ ಆಗಿಲ್ಲ, ಆಗುವ ಸೂಚನೆಯೂ ಇಲ್ಲ. ಅದು ಉಬ್ಬುತ್ತಿದೆ ಅಂತ ನಕ್ಷೆಯಲ್ಲಿ ಕಂಡ ಕೂಡಲೇ ಕ್ರಾಸ್‌ಲಿಂಕಿಂಗ್ ಮಾಡಿದರು. ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ ಹನಿಯನ್ನು ಕಣ್ಣಿಗೆ ಹಾಕಿ, ಮೇಲೆ ನೇರಳಾತೀತ ಬೆಳಕು ಬಿಟ್ಟರೆ ಸ್ಟ್ರೋಮಾದ ಎಳೆಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಮೂಲ ವಿಧಾನದಲ್ಲಿ ಅರ್ಧ ಗಂಟೆ ಹನಿ, ಅರ್ಧ ಗಂಟೆ ಬೆಳಕು. ಇದು ಉಬ್ಬುವುದನ್ನು ನಿಲ್ಲಿಸುವ ಚಿಕಿತ್ಸೆ, ಆಗಲೇ ಕೆಟ್ಟಿರುವ ಆಕಾರವನ್ನು ಪೂರ್ತಿ ಸರಿಮಾಡುವುದಲ್ಲ. ಆಕಾರಕ್ಕೆ ನಾನು ಸ್ಕ್ಲೀರಲ್ ಲೆನ್ಸ್ ಹಾಕುತ್ತೇನೆ. ಸಾಮಾನ್ಯ ಕಾಂಟ್ಯಾಕ್ಟ್ ಲೆನ್ಸಿಗಿಂತ ದೊಡ್ಡದು, ಗಟ್ಟಿಯದು, ಕಾರ್ನಿಯಾಕ್ಕೆ ತಾಗದೆ ಕಣ್ಣಿನ ಬಿಳಿ ಭಾಗದ ಮೇಲೆ ಕೂರುತ್ತದೆ, ನಡುವೆ ಸಲೈನ್ ತುಂಬಿರುತ್ತದೆ. ಆ ನೀರೇ ಹೊಸ ನಯವಾದ ಕಾರ್ನಿಯಾದಂತೆ ಕೆಲಸ ಮಾಡುತ್ತದೆ. ಮೊದಲ ವಾರ ಹಾಕೋಕೆ ಬಾರದೆ ಕನ್ನಡಿ ಮುಂದೆ ಅತ್ತಿದ್ದೂ ಉಂಟು. ಈಗ ಒಂದು ನಿಮಿಷದ ಕೆಲಸ. ಗಟ್ಟಿ ಲೆನ್ಸ್ ಹಾಕಿ ಚೆನ್ನಾಗಿ ಕಾಣುತ್ತದೆ ಅಂದಮೇಲೆ ಕಸಿಯ ಮಾತು ಮುಂದಕ್ಕೆ ಹೋಗಲಿ. ಬಲಗಣ್ಣು ಇಷ್ಟು ದೂರ ಹೋಗುವ ಮುಂಚೆ ನನಗೆ ಇದನ್ನು ಯಾರೂ ಹೇಳಲಿಲ್ಲ ಅನ್ನುವ ಸಿಟ್ಟು ಇನ್ನೂ ಇದೆ, ಇರಲಿ.

ಕಲೆ ತೀರಾ ಮೇಲ್ಮೈಯಲ್ಲೇ ಇದ್ದರೆ ಲೇಸರಿನಿಂದ ಹೆರೆದು ತೆಗೆಯುವ ದಾರಿ ಇದೆ. ಊತ ಸ್ವಲ್ಪವೇ ಇದ್ದರೆ ಉಪ್ಪಿನಂಶ ಜಾಸ್ತಿ ಇರುವ ಡ್ರಾಪ್ಸ್ ಕೆಲವು ಕಾಲ ನಡೆಸುತ್ತದೆ.

ಇನ್ನೊಂದು ಮಾತು. ಕಾರ್ನಿಯಾ ಕಿಟಕಿಯ ಗಾಜು ಮಾತ್ರ. ಗಾಜು ಬದಲಾಯಿಸಿದ ಮಾತ್ರಕ್ಕೆ ಕೋಣೆಯ ಒಳಗಿನ ದೀಪ ಹತ್ತಲ್ಲ, ಅಲ್ವಾ? ಗ್ಲಾಕೋಮಾದಿಂದ ಕಣ್ಣಿನ ನರ ಸೊರಗಿದ್ದರೆ, ಕಣ್ಣಿನ ಹಿಂದಿನ ಪರದೆಯಾದ ರೆಟಿನಾ ಕೆಟ್ಟಿದ್ದರೆ, ಕಸಿ ಚೆನ್ನಾಗಿ ಕೂತರೂ ದೃಷ್ಟಿ ಅಷ್ಟಕ್ಕಷ್ಟೆ. ಕಾರ್ನಿಯಾ ಮಬ್ಬಾಗಿ ಹಿಂದಿನದು ಕಾಣದಿದ್ದರೆ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುತ್ತಾರೆ. "ಎಲ್ಲ ಸರಿಯಾಗಿ ಹೋದರೆ ನನಗೆ ಎಷ್ಟು ಕಾಣಬಹುದು?" ಅಂತ ನೇರವಾಗಿ ಕೇಳಿ.

ಮೂರನೇ ಹೆಜ್ಜೆ: ಪದರಕ್ಕೆ ತಕ್ಕ ಆಪರೇಷನ್

ಪೂರ್ಣ ದಪ್ಪದ ಕಸಿ. ಡಾಕ್ಟರುಗಳ ಬಾಯಲ್ಲಿ ಪಿಕೆ ಅಥವಾ ಪಿಕೆಪಿ. ಇದೇ ಹಳೆಯದು. 1905ರ ಡಿಸೆಂಬರ್ 7ರಂದು ಎಡ್ವರ್ಡ್ ತ್ಸಿರ್ಮ್ ಅನ್ನುವ ಡಾಕ್ಟರು, ಈಗ ಚೆಕ್ ದೇಶದಲ್ಲಿರುವ ಓಲೋಮೋತ್ಸ್ ಊರಿನಲ್ಲಿ, ಸುಣ್ಣ ಬಿದ್ದು ಎರಡೂ ಕಣ್ಣು ಸುಟ್ಟಿದ್ದ ಕೂಲಿಯೊಬ್ಬನಿಗೆ ಮಾಡಿದರು. ಗಾಯವಾಗಿ ಕಣ್ಣನ್ನೇ ತೆಗೆಯಬೇಕಾಗಿ ಬಂದಿದ್ದ 11 ವರ್ಷದ ಹುಡುಗನ ಕಾರ್ನಿಯಾ ಅದು. ಎರಡು ಕಣ್ಣಲ್ಲಿ ಒಂದು ಉಳಿಯಿತು, ಆತ ಮತ್ತೆ ಕೆಲಸಕ್ಕೆ ಹೋದ. ತಿರಸ್ಕಾರ ತಡೆಯುವ ಸ್ಟೀರಾಯ್ಡ್ ಔಷಧ ಇರಲಿಲ್ಲ, ಈಗಿನಂಥ ಮೈಕ್ರೋಸ್ಕೋಪು ಇರಲಿಲ್ಲ, ಕೂದಲಿಗಿಂತ ತೆಳುವಾದ ಈಗಿನ ನೈಲಾನ್ ದಾರವೂ ಇರಲಿಲ್ಲ. ನೆನೆದರೆ ಮೈ ಜುಮ್ಮೆನ್ನುತ್ತದೆ.

ಇದರಲ್ಲಿ ನಡುವಿನ ಏಳೂವರೆ ಎಂಟು ಮಿಲಿಮೀಟರ್ ವೃತ್ತವನ್ನು ಎಲ್ಲಾ ಪದರ ಸಮೇತ ಕತ್ತರಿಸಿ ತೆಗೆದು, ಅದಕ್ಕಿಂತ ಒಂದು ಎಳೆ ದೊಡ್ಡದಾದ ದಾನಿಯ ವೃತ್ತವನ್ನು ಇಟ್ಟು ಸುತ್ತಲೂ ಹೊಲಿಯುತ್ತಾರೆ. ಬಿಡಿ ಹೊಲಿಗೆಯಾದರೆ ಸಾಮಾನ್ಯವಾಗಿ 16, ಗಡಿಯಾರದ ಅಂಕಿಗಳ ಹಾಗೆ ಸುತ್ತ. ಕಲೆ ಪೂರ್ತಿ ಆಳಕ್ಕೆ ಇಳಿದಿದ್ದರೆ, ಎಲ್ಲ ಪದರವೂ ಹೋಗಿದ್ದರೆ, ಕಣ್ಣು ತೂತಾಗಿದ್ದರೆ ಇದೇ ದಾರಿ. ತೊಂದರೆ ಎರಡು. ಒಂದು, ಹೊಲಿಗೆಯ ಎಳೆತದಿಂದ ಕಾರ್ನಿಯಾ ಗುಂಡಾಗಿ ಕೂರದೆ ಸಿಲಿಂಡರ್ ಪವರ್ ಬರುತ್ತದೆ. ಇನ್ನೊಂದು, ಆ ವೃತ್ತಾಕಾರದ ಗಾಯ ಎಂದಿಗೂ ಹುಟ್ಟುಕಾರ್ನಿಯಾದಷ್ಟು ಗಟ್ಟಿಯಾಗುವುದಿಲ್ಲ. ಹತ್ತು ವರ್ಷ ಬಿಟ್ಟು ಕಣ್ಣಿಗೆ ಮೊಣಕೈ ಬಡಿದರೂ ಅಲ್ಲೇ ಬಾಯಿ ಬಿಡಬಹುದು.

ಡಾಲ್ಕ್, ಅಂದರೆ ಮುಂಭಾಗದ ಪದರಗಳ ಕಸಿ. ಹೊಲಿಗೆ ಇದರಲ್ಲೂ ಇದೆ, ಆದರೆ ನಿಮ್ಮ ಪಂಪು ಪದರವನ್ನು ಮುಟ್ಟದೆ ಬಿಡುತ್ತಾರೆ. ಮೇಲಿನ ಪದರ ಮತ್ತು ಸ್ಟ್ರೋಮಾ ಮಾತ್ರ ಬದಲು. ಸ್ಟ್ರೋಮಾದ ಆಳಕ್ಕೆ ಸೂಜಿಯಲ್ಲಿ ಗಾಳಿ ಊದಿ, ಆ ದೊಡ್ಡ ಗುಳ್ಳೆಯಿಂದಲೇ ಪದರ ಬಿಡಿಸುವ ಉಪಾಯ ಬಹಳ ಕಡೆ ಬಳಕೆಯಲ್ಲಿದೆ. ದೇಹ ತಿರಸ್ಕರಿಸುವಾಗ ಹೆಚ್ಚು ಕೆಡುಕಾಗುವುದು ಎಂಡೋಥೀಲಿಯಂಗೆ, ಅದು ನಿಮ್ಮದೇ ಆಗಿದ್ದರೆ ಆ ಭಯವೇ ಇಲ್ಲ. ಕೆರಾಟೋಕೋನಸ್ ಇರುವ ಚಿಕ್ಕ ವಯಸ್ಸಿನವರು "ನನಗೆ ಡಾಲ್ಕ್ ಆಗುತ್ತಾ?" ಅಂತ ಕೇಳಲೇಬೇಕು. ಆಪರೇಷನ್ ನಡುವೆ ಆ ತೆಳು ಪೊರೆ ಹರಿದರೆ ಅಲ್ಲೇ ಪೂರ್ಣ ಕಸಿಗೆ ಬದಲಾಯಿಸಬೇಕಾಗಬಹುದು. ಸಹಿ ಹಾಕಿಸಿಕೊಳ್ಳುವ ಹಾಳೆಯಲ್ಲಿ ಈ ಸಾಲು ಇರುತ್ತದೆ, ಗಾಬರಿ ಬೇಡ.

ನನಗೆ ಡಾಲ್ಕ್ ಯಾಕೆ ಆಗಲಿಲ್ಲ? ಒಂದು ಬೆಳಗ್ಗೆ ಬಲಗಣ್ಣು ಇದ್ದಕ್ಕಿದ್ದ ಹಾಗೆ ಹಾಲಿನಂತೆ ಬೆಳ್ಳಗಾಗಿ ಕೂತಿತ್ತು. ತುಂಬಾ ಉಬ್ಬಿದ ಕಾರ್ನಿಯಾದಲ್ಲಿ ಒಳಗಿನ ಡೆಸಿಮೆಟ್ ಪೊರೆ ಹರಿದು ನೀರು ನುಗ್ಗಿದರೆ ಹೀಗಾಗುತ್ತದೆ, ಹೈಡ್ರಾಪ್ಸ್ ಅನ್ನುತ್ತಾರೆ. ಕೆಲವು ತಿಂಗಳಲ್ಲಿ ನೀರು ಇಳಿಯಿತು, ಕಲೆ ಉಳಿಯಿತು. ಒಮ್ಮೆ ಹರಿದ ಪೊರೆಯಲ್ಲಿ ಗುಳ್ಳೆ ಊದಿದರೆ ಮತ್ತೆ ಹರಿಯುವ ಭಯ ಜಾಸ್ತಿ. ಹಾಗಾಗಿ ಪೂರ್ಣ ಕಸಿ.

ಡಿಸೆಕ್ ಮತ್ತು ಡಿಮೆಕ್, ಅಂದರೆ ಒಳಪದರದ ಕಸಿಯ ಎರಡು ಬಗೆ. ಪಂಪು ಪದರ ಮಾತ್ರ ಕೆಟ್ಟವರಿಗೆ. ಮೇಲಿನದೆಲ್ಲ ನಿಮ್ಮದೇ ಉಳಿಯುತ್ತದೆ. ಅಂಚಿನಲ್ಲಿ ಸಣ್ಣ ಗಾಯ ಮಾಡಿ, ಕೆಟ್ಟ ಪೊರೆಯನ್ನು ಒಳಗಿನಿಂದ ಸುಲಿದು, ದಾನಿಯ ಪೊರೆಯನ್ನು ಒಳಗೆ ತೂರಿಸಿ, ಕೆಳಗಿನಿಂದ ಗಾಳಿ ಅಥವಾ ಗ್ಯಾಸಿನ ಗುಳ್ಳೆ ಬಿಟ್ಟು ಮೇಲಕ್ಕೆ ಒತ್ತಿ ಅಂಟಿಸುತ್ತಾರೆ. ಹೊಲಿಗೆ ಬೇಕಾದರೆ ಗಾಯದ ಬಾಯಿಗೆ ಒಂದೆರಡು. ಡಿಸೆಕ್‌ನಲ್ಲಿ ಪೊರೆಯ ಜೊತೆ ಸ್ಟ್ರೋಮಾದ ತೆಳು ಪದರವೂ ಇರುತ್ತದೆ, ಒಟ್ಟು 100ರಿಂದ 200 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್), ಹಿಡಿದು ಆಡಿಸೋಕೆ ಸುಲಭ. ಡಿಮೆಕ್‌ನಲ್ಲಿ ಬರೀ ಪೊರೆ ಮತ್ತು ಜೀವಕೋಶ, 10ರಿಂದ 15 ಮೈಕ್ರಾನ್. ಕಣ್ಣಿಗೆ ಕಾಣಲಿ ಅಂತ ಅದಕ್ಕೆ ನೀಲಿ ಬಣ್ಣ ಹಚ್ಚಬೇಕು. ಬಿಟ್ಟರೆ ತಾನೇ ಚಾಪೆಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ, ಕಣ್ಣೊಳಗೆ ಅದನ್ನು ಬಿಡಿಸಿ ಹರಡುವುದೇ ಕೈಚಳಕ. ತಲೆಕೆಳಗಾಗಿ ಕೂತರೆ ಕೆಲಸ ಮಾಡಲ್ಲ.

ಡಿಮೆಕ್‌ನ ಪ್ರತಿಫಲ ಮಾತ್ರ ಚೆನ್ನಾಗಿದೆ. ಮೂಲ ಕಾರ್ನಿಯಾದ ಆಕಾರಕ್ಕೆ ಅತಿ ಹತ್ತಿರ, ದೃಷ್ಟಿ ವಾರಗಳಲ್ಲಿ ಬರುತ್ತದೆ, ತಿರಸ್ಕಾರ ಆಗುವುದು ಮೊದಲ ಕೆಲವು ವರ್ಷಗಳಲ್ಲಿ ನೂರಕ್ಕೆ ಒಂದೆರಡು ಕಣ್ಣಲ್ಲಿ ಅಷ್ಟೆ. ತೊಂದರೆ ಅಂದರೆ ಪೊರೆ ಅಂಚಲ್ಲಿ ಬಿಟ್ಟುಕೊಳ್ಳುವುದು, ಆಗ ಮತ್ತೊಮ್ಮೆ ಗುಳ್ಳೆ ಬಿಡುತ್ತಾರೆ. ಇದು ಡಿಸೆಕ್‌ಗಿಂತ ಡಿಮೆಕ್‌ನಲ್ಲಿ ಜಾಸ್ತಿ. ಹಾಗಾದರೆ ಎಲ್ಲರಿಗೂ ಡಿಮೆಕ್ ಯಾಕಲ್ಲ? ಹಿಂದೆ ಗ್ಲಾಕೋಮಾಕ್ಕೆ ಟ್ಯೂಬ್ ಹಾಕಿದ ಕಣ್ಣು, ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಹರಿದ ಕಣ್ಣು, ಒಳಗಿನ ಲೆನ್ಸ್ ಜಾಗ ತಪ್ಪಿದ ಕಣ್ಣುಗಳಲ್ಲಿ ಅಷ್ಟು ತೆಳು ಪೊರೆ ನಿಲ್ಲಿಸುವುದು ಕಷ್ಟ. ಅಂಥ ಕಡೆ ಡಿಸೆಕ್ ಮಾಡುವ ಡಾಕ್ಟರು ಹಿಂದೆ ಬಿದ್ದವರೇನಲ್ಲ, ಜಾಣರು. ನನ್ನ ಅಭಿಪ್ರಾಯ ಕೇಳಿದರೆ, ಹೆಸರಿಗಿಂತ ಆ ಡಾಕ್ಟರ ಕೈಗೆ ಯಾವುದು ಚೆನ್ನಾಗಿ ಕೂತಿದೆ ಅನ್ನುವುದು ಮುಖ್ಯ. "ಇದನ್ನು ನೀವು ಎಷ್ಟು ಮಾಡಿದ್ದೀರಿ, ಎಷ್ಟರಲ್ಲಿ ಮತ್ತೆ ಗುಳ್ಳೆ ಬಿಡಬೇಕಾಯಿತು?" ಅಂತ ಕೇಳಿ. ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳಲ್ಲ.

ಜೊತೆಗೆ ಕ್ಯಾಟರಾಕ್ಟ್ ಪೊರೆಯೂ ಬಂದಿದ್ದರೆ ಒಂದೇ ಸಲಕ್ಕೆ ಎರಡೂ ಮುಗಿಸಬಹುದು. ಚಿಕ್ಕಮ್ಮನಿಗೆ ಹಾಗೇ ಮಾಡಿದರು.

ಇನ್ನು ದಾನಿಯ ಪೊರೆ ಅಂಟಿಸದೆಯೇ ಮಾಡುವ ದಾರಿಗಳು ಬರುತ್ತಿವೆ. ಫುಕ್ಸ್ ಕಾಯಿಲೆ ನಟ್ಟನಡುವೆ ಮಾತ್ರ ಇದ್ದರೆ ಕೆಟ್ಟ ಪೊರೆಯನ್ನು ಸುಲಿದು ಬಿಟ್ಟು, ಅಂಚಿನ ಜೀವಕೋಶಗಳು ತಾವೇ ನಡುವಿಗೆ ಬರಲಿ ಅಂತ ಕಾಯುವುದು ಒಂದು. ಲ್ಯಾಬಿನಲ್ಲಿ ಬೆಳೆಸಿದ ಎಂಡೋಥೀಲಿಯಂ ಜೀವಕೋಶಗಳನ್ನು ಕಣ್ಣಿಗೆ ಇಂಜೆಕ್ಷನ್ ಕೊಡುವುದು ಇನ್ನೊಂದು, ಜಪಾನಿನ ತಂಡ 2018ರಲ್ಲಿ 11 ರೋಗಿಗಳ ಫಲಿತಾಂಶ ಪ್ರಕಟಿಸಿತು, ಆ ದೇಶದಲ್ಲಿ 2023ರಲ್ಲಿ ಅನುಮತಿಯೂ ಸಿಕ್ಕಿತು.

ರಾಸಾಯನಿಕ ಬಿದ್ದು ಸುಟ್ಟ ಕಣ್ಣಿನ ಕಥೆ ಬೇರೆಯೇ. ಮೇಲಿನ ಪದರವನ್ನು ಹುಟ್ಟಿಸುವ ಕಾಂಡಕೋಶಗಳು ಕರಿಗುಡ್ಡೆಯ ಅಂಚಿನಲ್ಲಿರುತ್ತವೆ. ಅವು ಸತ್ತಿದ್ದರೆ ಎಷ್ಟು ಒಳ್ಳೆಯ ಕಾರ್ನಿಯಾ ಹೊಲಿದರೂ ಮೇಲ್ಮೈ ನಿಲ್ಲುವುದಿಲ್ಲ, ರಕ್ತನಾಳ ನುಗ್ಗಿ ಮತ್ತೆ ಬೆಳ್ಳಗಾಗುತ್ತದೆ. ಮೊದಲು ಒಳ್ಳೆಯ ಕಣ್ಣಿನ ಅಂಚಿನಿಂದಲೋ ಹತ್ತಿರದ ಸಂಬಂಧಿಯಿಂದಲೋ ಚೂರು ತೆಗೆದು ಕಾಂಡಕೋಶ ಕಸಿ, ಆಮೇಲೆ ಬೇಕಾದರೆ ಕಾರ್ನಿಯಾ. ಈ ಹೆಜ್ಜೆ ಬಿಟ್ಟು ನೇರ ಪೂರ್ಣ ಕಸಿ ಅಂದರೆ ಇನ್ನೊಬ್ಬರ ಬಳಿ ತೋರಿಸಿ.

ನಾಲ್ಕನೇ ಹೆಜ್ಜೆ: ಕಾಯುವುದು, ಅಣಿಯಾಗುವುದು

2012ರಲ್ಲಿ ಪ್ರಪಂಚದಲ್ಲಿ ಸುಮಾರು 1,85,000 ಕಾರ್ನಿಯಾ ಕಸಿ ನಡೆದಿತ್ತು. ಬೇಕಿದ್ದ 70 ಜನರಲ್ಲಿ ಒಬ್ಬರಿಗೆ ಮಾತ್ರ ಕಾರ್ನಿಯಾ ಸಿಗುತ್ತದೆ ಅನ್ನುವುದು ಆ ಸಮೀಕ್ಷೆಯ ಲೆಕ್ಕ. ಹಾಗಾಗಿ ಎಷ್ಟೋ ಕಡೆ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಬೇಕು. ದಾನಿಯ ಕಾರ್ನಿಯಾ ತಣ್ಣಗಿನ ದ್ರಾವಣದಲ್ಲಿ ಹೆಚ್ಚೆಂದರೆ 14 ದಿನ ಇಡಬಹುದು, ಕೆಲವು ದ್ರಾವಣದಲ್ಲಿ ನಾಲ್ಕೇ ದಿನ. ಅದಕ್ಕೇ ಫೋನ್ ಬಂದಾಗ "ನಾಳೆ ಬನ್ನಿ" ಅಂತಲೇ ಬರುತ್ತದೆ. ಬ್ಯಾಗು, ರಿಪೋರ್ಟು, ಜೊತೆಗೆ ಬರುವವರು, ಮೂರೂ ಅಣಿಯಾಗಿರಲಿ.

ದಾನಿಯ ಬಗ್ಗೆ ಜನ ಕೇಳುವುದು ಬಹಳ. ರಕ್ತದ ಗುಂಪು ಹೊಂದಬೇಕಾ? ಸಾಮಾನ್ಯವಾಗಿ ಬೇಡ. ಕಣ್ಣಿನ ಬಣ್ಣ ಬದಲಾಗುತ್ತಾ? ಇಲ್ಲ, ಬಣ್ಣ ಇರುವುದು ಐರಿಸ್‌ನಲ್ಲಿ. ಇಡೀ ಕಣ್ಣನ್ನೇ ಹಾಕುತ್ತಾರಾ? ಇಲ್ಲ. ರೋಗ ಹರಡಲ್ವಾ? ದಾನಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್‌ಗೆ ಪರೀಕ್ಷೆ ಮಾಡಿಯೇ ಕೊಡುತ್ತಾರೆ.

ನಿಮ್ಮ ಕಡೆಯಿಂದ ಹೇಳಬೇಕಾದ್ದು: ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಹಿಂದೆ ಯಾವಾಗಲಾದರೂ ಕಣ್ಣಿಗೆ ಹರ್ಪಿಸ್ ಬಂದಿದ್ದರೆ. ಕೊನೆಯದನ್ನು ಮರೆಯಲೇಬೇಡಿ. ಆ ವೈರಸ್ ನರದಲ್ಲಿ ಅಡಗಿ ಕೂತು ಹೊಸ ಕಾರ್ನಿಯಾಕ್ಕೂ ಬರುತ್ತದೆ, ಅದಕ್ಕೆ ಆಪರೇಷನ್ ನಂತರ ತಿಂಗಳುಗಟ್ಟಲೆ ಮಾತ್ರೆ ಕೊಡುತ್ತಾರೆ. ರೆಪ್ಪೆಯ ಊತ, ಕಣ್ಣು ಒಣಗುವುದು ಇದ್ದರೆ ಮೊದಲು ಅದು ವಾಸಿಯಾಗಲಿ.

ಐದನೇ ಹೆಜ್ಜೆ: ಆ ದಿನ ಮತ್ತು ಮೊದಲ ವಾರ

ಆಪರೇಷನ್ ಬಗ್ಗೆ ಹೇಳೋಕೆ ಹೆಚ್ಚಿಲ್ಲ. ದೊಡ್ಡವರಿಗೆ ಬಹುಪಾಲು ಕಣ್ಣಿನ ಸುತ್ತ ಮರಗಟ್ಟಿಸುವ ಇಂಜೆಕ್ಷನ್, ಮಕ್ಕಳಿಗೆ ಪೂರ್ತಿ ಅರಿವಳಿಕೆ. ಒಂದರಿಂದ ಎರಡು ಗಂಟೆ. ಮಾರನೇ ದಿನ ಪಟ್ಟಿ ಬಿಚ್ಚುತ್ತಾರೆ. ಪೂರ್ಣ ಕಸಿಯಾದವರು ಆ ಕ್ಷಣಕ್ಕೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಬೆಳಕು ಕಂಡಿತು, ಡಾಕ್ಟರ ಅಂಗಿಯ ನೀಲಿ ಕಂಡಿತು, ಅಷ್ಟೆ.

ಡಿಸೆಕ್, ಡಿಮೆಕ್ ಆದವರಿಗೆ ಮೊದಲ ಕೆಲವು ದಿನದ ಕೆಲಸ ಒಂದೇ, ಮುಖ ಮೇಲೆ ಮಾಡಿ ಅಂಗಾತ ಮಲಗುವುದು. ಗುಳ್ಳೆ ಮೇಲಕ್ಕೆ ತೇಲುತ್ತದೆ, ಮಲಗಿದರೆ ಮೇಲೆ ಅಂದರೆ ಕಾರ್ನಿಯಾ. ಚಿಕ್ಕಮ್ಮ ಎರಡು ದಿನ ಸೂರು ನೋಡುತ್ತಾ ಮಲಗಿದ್ದರು. ಎದ್ದು ಕೂತರೆ ಕಣ್ಣೊಳಗೆ ನೀರಿನ ಮಟ್ಟ ತುಳುಕಿದ ಹಾಗೆ ಕಾಣುತ್ತೆ ಅಂತಿದ್ದರು. ತಲೆದಿಂಬು ತೆಗೆದು, ಕತ್ತಿನ ಕೆಳಗೆ ಟವೆಲ್ ಸುತ್ತಿ ಇಟ್ಟದ್ದು ಅವರದೇ ಉಪಾಯ. ಗುಳ್ಳೆ ಗ್ಯಾಸಿನದಾದರೆ ಅದು ಪೂರ್ತಿ ಕರಗುವವರೆಗೆ ವಿಮಾನ ಹತ್ತುವ ಹಾಗಿಲ್ಲ, ಮೇಲೆ ಹೋದಂತೆ ಗುಳ್ಳೆ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ಬೇರೆ ಯಾವುದೋ ಕಾರಣಕ್ಕೆ ಅರಿವಳಿಕೆ ಕೊಡುವುದಿದ್ದರೆ ಅವರಿಗೂ ಗುಳ್ಳೆಯ ವಿಷಯ ಹೇಳಿ. ಮೊದಲ ದಿನ ರಾತ್ರಿ ಕಣ್ಣು ಸಿಡಿಯುವಷ್ಟು ನೋವು, ವಾಂತಿ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಗುಳ್ಳೆ ಪಾಪೆಗೆ ಅಡ್ಡ ನಿಂತು ಒತ್ತಡ ಏರಿರಬಹುದು.

ಎಲ್ಲರಿಗೂ: ಮಲಗುವಾಗ ಕಣ್ಣಿಗೆ ಪ್ಲಾಸ್ಟಿಕ್ ಕವಚ. ಉಜ್ಜುವುದು ಬೇಡ, ಯಾವತ್ತೂ. ತಲೆಗೆ ನೀರು ಹಾಕಿಕೊಳ್ಳುವುದು, ಭಾರ ಎತ್ತುವುದು, ಈಜು ಡಾಕ್ಟರು ಹೇಳುವವರೆಗೆ ಇಲ್ಲ.

ಆರನೇ ಹೆಜ್ಜೆ: ಡ್ರಾಪ್ಸ್, ಮತ್ತು ನಾಲ್ಕು ಮಾತಿನ ಪಾಠ

ನಿಜವಾದ ಕೆಲಸ ಶುರುವಾಗುವುದು ಈಗ. ಸ್ಟೀರಾಯ್ಡ್ ಡ್ರಾಪ್ಸ್ ಮೊದಲಿಗೆ ದಿನಕ್ಕೆ ಹಲವು ಸಲ, ನಿಧಾನಕ್ಕೆ ಇಳಿಸುತ್ತಾ ತಿಂಗಳುಗಳು, ಎಷ್ಟೋ ಜನರಿಗೆ ದಿನಕ್ಕೊಂದು ಹನಿ ವರ್ಷಗಟ್ಟಲೆ. ಕಣ್ಣು ಚೆನ್ನಾಗಿದೆ ಅಂತ ನೀವೇ ನಿಲ್ಲಿಸಬೇಡಿ. ಹಾಗೆಯೇ ಡಾಕ್ಟರನ್ನು ಕೇಳದೆ ಅಂಗಡಿಯಿಂದ ತಂದು ಮುಂದುವರಿಸಲೂ ಬೇಡಿ, ಸ್ಟೀರಾಯ್ಡ್ ಸದ್ದಿಲ್ಲದೆ ಕಣ್ಣಿನ ಒತ್ತಡ ಏರಿಸುತ್ತದೆ, ಕ್ಯಾಟರಾಕ್ಟ್ ಪೊರೆ ಬೇಗ ತರಿಸುತ್ತದೆ. ಪ್ರತಿ ಭೇಟಿಯಲ್ಲೂ ಒತ್ತಡ ಅಳೆಸಿ, ಅಂಕಿ ಬರೆದಿಟ್ಟುಕೊಳ್ಳಿ. ಎರಡು ಡ್ರಾಪ್ಸ್ ನಡುವೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ನಾನು ಫೋನಿನಲ್ಲಿ ಅಲಾರಾಂ ಇಟ್ಟು, ಬಾಟಲಿಗಳಿಗೆ ಬಣ್ಣದ ದಾರ ಕಟ್ಟಿದ್ದೆ. ಮಬ್ಬುಗಣ್ಣಿಗೆ ಲೇಬಲ್ ಎಲ್ಲಿ ಕಾಣಬೇಕು?

ಕೆಂಪು, ಬೆಳಕು, ಮಬ್ಬು, ನೋವು. ಇದನ್ನು ಬಾಯಿಪಾಠ ಮಾಡಿ, ಮನೆಯವರಿಗೂ ಮಾಡಿಸಿ. ಕಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ, ನಿನ್ನೆಗಿಂತ ಮಬ್ಬಾದರೆ, ನೋವು ಬಂದರೆ, ಇದರಲ್ಲಿ ಒಂದೇ ಇದ್ದರೂ ಅದೇ ದಿನ ಆಸ್ಪತ್ರೆ. ದೇಹ ತಿರಸ್ಕರಿಸಲು ಶುರುಮಾಡಿದ್ದನ್ನು ಬೇಗ ಹಿಡಿದರೆ, ಗಂಟೆಗೊಂದು ಸ್ಟೀರಾಯ್ಡ್ ಹನಿ ಹಾಕಿ ಬಹಳ ಸಲ ತಿರುಗಿಸಬಹುದು. ಒಂದು ವಾರ ನೋಡೋಣ ಅಂದರೆ ಪಂಪು ಜೀವಕೋಶಗಳು ಆ ವಾರದಲ್ಲೇ ಹೋಗಿರುತ್ತವೆ. ಇದು ಮೊದಲ ವರ್ಷಕ್ಕೆ ಮಾತ್ರ ಅಲ್ಲ, ಐದು ವರ್ಷ ಬಿಟ್ಟೂ ಬರಬಹುದು. ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡುವುದು ನನ್ನ ದಿನದ ಪರೀಕ್ಷೆ. ಎರಡೂ ಕಣ್ಣು ತೆರೆದಿದ್ದರೆ ಒಳ್ಳೆಯ ಕಣ್ಣು ಸುಳ್ಳು ಹೇಳುತ್ತದೆ.

ಏಳನೇ ತಿಂಗಳಲ್ಲಿ ಒಂದು ರಾತ್ರಿ ಕಣ್ಣಲ್ಲಿ ಮರಳಿನ ಕಣ ಬಿದ್ದ ಹಾಗಾಯಿತು. ಧೂಳು ಅಂದುಕೊಂಡು ಮಲಗಿದೆ. ಬೆಳಗ್ಗೆ ಹೆಂಡತಿ ನೋಡಿ "ಗಡಿಯಾರದಲ್ಲಿ ನಾಲ್ಕು ಇರುವ ಕಡೆ ಕೆಂಪಗಿದೆ" ಅಂದಳು. ಆಸ್ಪತ್ರೆಯಲ್ಲಿ ಹಳದಿ ಬಣ್ಣ ಹಾಕಿ ನೀಲಿ ಬೆಳಕಲ್ಲಿ ನೋಡಿದರು. ಒಂದು ಹೊಲಿಗೆ ಸಡಿಲವಾಗಿ ತುದಿ ಎದ್ದು ನಿಂತಿತ್ತು, ಅದಕ್ಕೆ ಲೋಳೆ ಸುತ್ತಿಕೊಂಡಿತ್ತು. ಮರಗಟ್ಟಿಸುವ ಹನಿ, ಚಿಮಟ, ಒಂದು ಕ್ಷಣ, ಹೊರಗೆ ಬಂತು. ಸಡಿಲ ಹೊಲಿಗೆ ಸೋಂಕಿಗೆ ಬಾಗಿಲು, ತಿರಸ್ಕಾರಕ್ಕೂ ದಾರಿ. ಒಂದು ರಾತ್ರಿ ತಡ ಮಾಡಿದ್ದಕ್ಕೆ ಬೈಸಿಕೊಂಡೆ, ಬೈದದ್ದು ಸರಿಯಾಗಿಯೇ ಇತ್ತು. ಕಸಿಯಾದ ಕಾರ್ನಿಯಾದಲ್ಲಿ ನರ ಕಡಿದಿರುವುದರಿಂದ ಸ್ಪರ್ಶ ಕಡಿಮೆ ಇರುತ್ತದೆ, ನನಗೆ ಅಷ್ಟಾದರೂ ತಿಳಿದದ್ದು ಪುಣ್ಯ.

ಏಳನೇ ಹೆಜ್ಜೆ: ಹೊಲಿಗೆ ತೆಗೆಯುವುದು, ಕನ್ನಡಕ, ಮುಂದೆ

ಪೂರ್ಣ ಕಸಿ ಮತ್ತು ಡಾಲ್ಕ್ ಆದವರಿಗೆ ಇದು ದೊಡ್ಡ ಅಧ್ಯಾಯ. ಕೆಲವು ತಿಂಗಳ ನಂತರ ನಕ್ಷೆ ನೋಡಿ, ಎಳೆಯುತ್ತಿರುವ ಹೊಲಿಗೆಯನ್ನು ಆರಿಸಿ ಒಂದೆರಡು ತೆಗೆಯುತ್ತಾರೆ. ಎಲ್ಲವೂ ಹೋಗೋಕೆ ಒಂದರಿಂದ ಒಂದೂವರೆ ವರ್ಷ. ಒಂದು ಹೊಲಿಗೆ ತೆಗೆದರೆ ಪವರ್ ರಾತ್ರೋರಾತ್ರಿ ಬದಲಾಗಬಹುದು, ಹಾಗಾಗಿ ದುಬಾರಿ ಕನ್ನಡಕ ಆತುರಕ್ಕೆ ಮಾಡಿಸಬೇಡಿ. ಎಲ್ಲ ತೆಗೆದ ಮೇಲೂ ಸಿಲಿಂಡರ್ ಉಳಿದರೆ ಕನ್ನಡಕ, ಸಾಲದಿದ್ದರೆ ಗಟ್ಟಿ ಅಥವಾ ಸ್ಕ್ಲೀರಲ್ ಲೆನ್ಸ್. ಹೌದು, ಕಸಿಯಾದ ಕಣ್ಣಿಗೂ ಲೆನ್ಸ್. ಲೆನ್ಸ್ ತಪ್ಪಿಸಿಕೊಳ್ಳೋಕೆ ಕಸಿ ಮಾಡಿಸುವವರು ಇದನ್ನು ಮೊದಲೇ ತಿಳಿದಿರಬೇಕು. ಗಾಯ ಬಾಯಿ ಬಿಡುವ ವಿಷಯ ಮೇಲೆ ಹೇಳಿದೆನಲ್ಲ, ಅದಕ್ಕೆ ನಾನು ಪಾಲಿಕಾರ್ಬೊನೇಟ್ ಕನ್ನಡಕ ಯಾವಾಗಲೂ ಹಾಕಿರುತ್ತೇನೆ, ಪವರ್ ಇರಲಿ ಬಿಡಲಿ.

ಎಷ್ಟು ವರ್ಷ ಬಾಳುತ್ತದೆ? ಯಾಕೆ ಕಸಿ ಮಾಡಿದ್ದು ಅನ್ನುವುದರ ಮೇಲೆ. ಕೆರಾಟೋಕೋನಸ್‌ಗೆ ಮಾಡಿದ ಪೂರ್ಣ ಕಸಿ ಹತ್ತು ವರ್ಷವಾದರೂ ಹತ್ತರಲ್ಲಿ ಸುಮಾರು ಒಂಬತ್ತು ತಿಳಿಯಾಗಿ ಉಳಿದಿರುತ್ತವೆ. ರಕ್ತನಾಳ ನುಗ್ಗಿದ, ಪದೇ ಪದೇ ಸೋಂಕಾದ, ಗ್ಲಾಕೋಮಾ ಇರುವ ಕಣ್ಣುಗಳಲ್ಲಿ ಇದಕ್ಕಿಂತ ಬಹಳ ಕಡಿಮೆ. ಕೆಟ್ಟರೆ ಮತ್ತೊಮ್ಮೆ ಕಸಿ ಮಾಡಬಹುದು, ಆದರೆ ಪ್ರತಿ ಸಲಕ್ಕೂ ಅವಕಾಶ ಇಳಿಯುತ್ತಾ ಹೋಗುತ್ತದೆ. ಪೂರ್ಣ ಕಸಿಯಲ್ಲಿ ಪಂಪು ಮಾತ್ರ ಸೋತು, ಆಕಾರ ಚೆನ್ನಾಗಿದ್ದರೆ ಮತ್ತೆ 16 ಹೊಲಿಗೆಗೆ ಹೋಗಬೇಕಿಲ್ಲ, ಹಳೆಯ ಕಸಿಯ ಕೆಳಗೆ ಡಿಸೆಕ್ ಅಥವಾ ಡಿಮೆಕ್ ಪೊರೆ ಅಂಟಿಸಬಹುದು. ಆಗಲೂ ಕೇಳಬೇಕಾದ್ದು ಅದೇ ಪ್ರಶ್ನೆ.

ಕಸಿ ಮೇಲೆ ಕಸಿ ಸೋತವರಿಗೆ ಕೃತಕ ಕಾರ್ನಿಯಾ ಇದೆ. ಬೋಸ್ಟನ್ ಮಾದರಿಯದು ಹೆಚ್ಚು ಬಳಕೆಯಲ್ಲಿರುವುದು, ದಾನಿಯ ಕಾರ್ನಿಯಾದ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಕಾಂಡ ಸಿಕ್ಕಿಸಿ ಹೊಲಿಯುತ್ತಾರೆ. ಕಣ್ಣೀರೇ ಇಲ್ಲದೆ ಒಣಗಿಹೋದ ಕಣ್ಣಿಗೆ ಅದೂ ನಿಲ್ಲದಿದ್ದರೆ, ರೋಗಿಯದೇ ಒಂದು ಹಲ್ಲನ್ನು ಬೇರು ಮತ್ತು ಮೂಳೆ ಸಮೇತ ತೆಗೆದು, ಅದರಲ್ಲಿ ಲೆನ್ಸ್ ಕೂರಿಸಿ, ಕಣ್ಣಿಗೆ ಜೋಡಿಸುವ ಆಪರೇಷನ್ ಕೂಡ ಇದೆ. ನಂಬಲಿಕ್ಕಾಗಲ್ಲ, ಅಲ್ವಾ? 1960ರ ದಶಕದಿಂದ ನಡೆಯುತ್ತಿದೆ. ಇವೆರಡರಲ್ಲೂ ಗ್ಲಾಕೋಮಾ, ಸೋಂಕಿನ ಕಾವಲು ಜೀವನ ಪೂರ್ತಿ ಬೇಕು, ಬೋಸ್ಟನ್ ಹಾಕಿದವರು ಆಂಟಿಬಯೋಟಿಕ್ ಹನಿಯನ್ನು ಒಂದು ದಿನವೂ ತಪ್ಪಿಸುವ ಹಾಗಿಲ್ಲ.